ಗೌಡರಿಗೆ ಬಂದ ಜಡ್ಡು

“ಜೋರಾಗಿ ಒದರಬೇ, ರಂಡಿ. ಬಾಯಾಗ ಮಣ್ಣು ತುಂಬ್ಕೊಂಡಿಯೇನು?”

ಕಂಪೌಂಡರ್ ಸೂಗಪ್ಪ ದವಾಖಾನೆಯ ಕಟ್ಟೆಯ ಮೇಲೆ ನಿಂತು ಬೈದ. ಪಕೀರಮ್ಮ ನಲವತ್ತು ಹೆಜ್ಜೆ ಆಚೆ, ಬೇವಿನ ಮರದ ಬುಡದಲ್ಲಿ ಖಾಲಿ ಸೀಸೆ ಹಿಡಿದು ನಿಂತಿದ್ದಳು. ಹೊಲಗೇರಿಯವರು ಆ ಮರ ದಾಟುವಂತಿಲ್ಲ. ಆದರೆ ಜಡ್ಡು ಏನೆಂದು ಹೇಳದೆ ಔಷಧಿಯೂ ಇಲ್ಲ. ಹೇಳಿದ್ದನ್ನು ಸೂಗಪ್ಪ ಅಲ್ಲಿಂದಲೇ ಕೇಳಿ ವಹಿಯಲ್ಲಿ ಬರೆದುಕೊಳ್ಳಬೇಕು. ಮರಕ್ಕೂ ಕಟ್ಟೆಗೂ ನಡುವೆ ಇದ್ದದ್ದು ಐತವಾರದ ಸಂತೆ.

“ಬಿಳುಪು ಹೋಗಾಕತ್ತೈತ್ರಿ,” ಎಂದಳು ಪಕೀರಮ್ಮ.

“ಕೇಳವಲ್ದು.”

ಅವಳು ಕಣ್ಣು ಮುಚ್ಚಿಕೊಂಡು ಆ ಹೆಂಗಸರ ಜಡ್ಡನ್ನು ಒದರಿದಳು. ಮೆಣಸಿನಕಾಯಿಯವನ ತಕ್ಕಡಿ ಗಾಳಿಯಲ್ಲೇ ನಿಂತಿತು. ಬಳೆಗಾರ ಯಾರದೋ ಮುಂಗೈ ಹಿಡಿದುಕೊಂಡೇ ತಿರುಗಿ ನೋಡಿದ.

“ಎಷ್ಟು ದಿನ ಆತು?”

“ಆರು ತಿಂಗಳಾತ್ರಿ.”

“ವಾಸನಿ ಐತೇನು?”

ಸಂತೆಗೆ ಸಂತೆಯೇ ನಕ್ಕಿತು. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು ಪಕೀರಮ್ಮನಿಗೆ. ಭೂಮಿಯೂ ಗೌಡರದೇ ಆಗಿತ್ತು, ಅವರ ಅಪ್ಪಣೆಯಿಲ್ಲದೆ ಅದೆಲ್ಲಿ ಬಾಯಿ ಬಿಟ್ಟೀತು? “ಐತ್ರಿ,” ಎಂದು ಒದರಿದಳು.

ಆ ಗೌಡ, ಅಮರಗುಂಡಪ್ಪ, ಸೂಗಪ್ಪನ ಮಗ್ಗುಲಲ್ಲೇ ಕುರ್ಚಿ ಹಾಕಿಸಿಕೊಂಡು ಎಲೆಅಡಿಕೆ ಮೆಲ್ಲುತ್ತ ಎಲ್ಲವನ್ನೂ ಕೇಳಿಸಿಕೊಂಡ. ಊರಿನ ಮುಕ್ಕಾಲು ಹೊಲ ಅವನದು. ನಿಜಾಮನ ಕಾಲದಲ್ಲಿ ರೂಮಿ ಟೋಪಿ ಹಾಕುತ್ತಿದ್ದ. ಪೊಲೀಸ್ ಆ್ಯಕ್ಷನ್ ಆದ ವಾರದಲ್ಲೇ ಗಾಂಧಿ ಟೋಪಿ ಹೊಲಿಸಿಕೊಂಡ. ತಲೆ ಮಾತ್ರ ಅದೇ. ಹೀಗೆ ಒದರಿಸುವ ಪದ್ಧತಿ ಅವನೇ ಮಾಡಿದ್ದು.

“ನನ್ನ ಹೊಲಕ್ಕ ಬರೋ ಮೈ ಅವು,” ಎನ್ನುತ್ತಿದ್ದ. “ಎಲ್ಲಿ ಕೆಟ್ಟೈತಿ ಅಂತ ನಂಗ ಗೊತ್ತಾಗಬ್ಯಾಡೇನು? ಎತ್ತು ಕೊಳ್ಳೂ ಮುಂದ ಹಲ್ಲು ನೋಡಾಂಗಿಲ್ಲೇನು?”

ತಿಂಗಳಿಗೊಮ್ಮೆ ಲಿಂಗಸುಗೂರಿನಿಂದ ಡಾಕ್ಟರು ಬರುತ್ತಿದ್ದರು. ಹೊಸ ಕಾಯ್ದೆಯ ಪ್ರಕಾರ ದವಾಖಾನೆ ಎಲ್ಲರಿಗೂ ತೆರೆದದ್ದಲ್ಲವೇ, ಈ ಜನ ಮರದಡಿ ಯಾಕಿದ್ದಾರೆ ಎಂದು ಒಮ್ಮೆ ಕೇಳಿದ್ದರು. “ಅವರಿಗೆ ಗಾಳಿ ಬೇಕ್ರಿ ಸಾಹೇಬ್ರ,” ಎಂದಿದ್ದ ಸೂಗಪ್ಪ. ಡಾಕ್ಟರು ಅದನ್ನು ಬರೆದುಕೊಂಡು ಹೋದರು.

ಮರುದಿನ ಬೆಳಿಗ್ಗೆ ಪಕೀರಮ್ಮ ಹತ್ತಿ ಬಿಡಿಸಲು ಹೋದಾಗ ಬದುವಿನ ಮೇಲೆ ಗೌಡನೇ ನಿಂತಿದ್ದ.

“ನೀ ಹತ್ತಿ ಮುಟ್ಟಬ್ಯಾಡ. ಬಿಳುಪು ಹೋಗೋ ಹೆಂಗಸು ಮುಟ್ಟಿದ್ರ ಹತ್ತಿ ಬಿಳುಪೂ ಹೋಗ್ತೈತಿ. ಸಿಂಧನೂರಿನ ದಲಾಲಿ ಕರೇ ಹತ್ತಿ ಅಂತ ಒಗದ್ರ ನಿಮ್ಮಪ್ಪ ಕೊಳ್ತಾನೇನು?”

“ಗೌಡ್ರ, ಇದು ಆ ಬಿಳುಪಲ್ರಿ.”

“ಹೊಲ್ಯಾರು ನಂಗ ವೈದ್ಯ ಕಲಸಾಕ ಬಂದ್ರು. ನಡಿಯಬೇ.”

ಉಳಿದ ಹೆಂಗಸರು ತಲೆ ಬಗ್ಗಿಸಿ ಹತ್ತಿ ಬಿಡಿಸಿದರು. ಯಾರೂ ಅವಳ ಮುಖ ನೋಡಲಿಲ್ಲ. ಇನ್ನು ಔಷಧಿಗೆ ಹೋಗುವುದೇ ಬೇಡವೆಂದು ಪಕೀರಮ್ಮ ಮನೆ ಸೇರಿದಳು. ಆದರೆ ಸೊಂಟದ ನೋವು ಇವಳ ಹಟ ಕೇಳಬೇಕಲ್ಲ. ನಾಲ್ಕನೆಯ ದಿನ ತುಂಬಿದ ಕೊಡ ಎತ್ತಲು ಹೋಗಿ ಅಲ್ಲೇ ಕುಕ್ಕರಿಸಿದಳು. ಔಷಧಿಯಿಲ್ಲದೆ ಮೈ ಏಳುವುದಿಲ್ಲ, ಒದರದೆ ಔಷಧಿ ಸಿಗುವುದಿಲ್ಲ, ಒದರಿದರೆ ಕೂಲಿ ಇಲ್ಲ. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಪಕ್ಕದ ಗುಡಿಸಲಿನ ಅಂಬಪ್ಪಮುತ್ಯಾ ಕೊಡ ನೇರ ಮಾಡಿ ಇಟ್ಟ. ಎಂಬತ್ತು ದಾಟಿದ ಮುದುಕ, ಬಾಯಲ್ಲಿ ಎರಡೇ ಹಲ್ಲು. ಹೋದ ಸುಗ್ಗಿಯಲ್ಲಿ ಕೆಮ್ಮು ಅಂತ ಒದರಿದ್ದಕ್ಕೆ ಜೋಳದ ಹೊಲದಲ್ಲಿ ಹಕ್ಕಿ ಕಾಯುವ ಕೆಲಸ ಕಳೆದುಕೊಂಡಿದ್ದ. ಕೆಮ್ಮಿದರೆ ಹಕ್ಕಿ ಹಾರಿಹೋಗುವುದು ಒಳ್ಳೆಯದೇ ಅಲ್ಲವೇ ಎಂದು ಕೇಳಿದ್ದಕ್ಕೆ ಕಪಾಳಕ್ಕೆ ಒಂದು ಬಿದ್ದಿತ್ತು.

“ಮುತ್ಯಾ,” ಎಂದಳು ಪಕೀರಮ್ಮ, “ಗೌಡ ಎರಡು ತಿಂಗಳಿಂದ ಐತಾರಕ್ಕೊಮ್ಮಿ ಸೂಜಿ ಮಾಡಸ್ಕೊಳಾಕತ್ತಾನ. ಯಾವ ಜಡ್ಡಿಗೆ?”

“ಯಾರಿಗೆ ಗೊತ್ತಬೇ. ಒಳಗ ಹೋಗಿ ಪರದೇ ಎಳಕೊಂತಾನ. ಸೂಗಪ್ಪನ ಕಿವ್ಯಾಗ ಪಿಸಿಪಿಸಿ ಅಂತಾನ.”

“ನಮ್ಮ ಜಡ್ಡು ಸಂತಿಗೆಲ್ಲ ಗೊತ್ತು. ಅವನದು ಪರದೇಕ್ಕಷ್ಟ ಗೊತ್ತು.” ಅವಳು ಕೊಡ ಹಿಡಿದುಕೊಂಡು ಎದ್ದಳು. “ಬರೋ ಐತಾರ ಕೇರಿಗೆ ಕೇರಿ ಹೋಗೂಣು. ಗೌಡಗ ಬಂದಿದ್ದ ನಮಗೂ ಬಂದೈತಿ ಅನ್ನೂಣು. ಮೊದಲ ನಾ ಅಂತೀನಿ.”

ಮುದುಕ ನಗುತ್ತ ಕೆಮ್ಮಿದ. “ನೀ ಮೊದಲ ಅನಬ್ಯಾಡ ತಂಗಿ. ಹೆಂಗಸು ಅಂದ್ರ ಮಂದಿ ಬ್ಯಾರೇನ ಕತಿ ಕಟ್ತಾರ. ನಾ ಅಂತೀನಿ. ನನ್ನ ಮ್ಯಾಲ ಯಾರಿಗೂ ಅನುಮಾನ ಬರಾಂಗಿಲ್ಲ.”

ಐತವಾರ ಬೇವಿನ ಮರದಡಿ ನಲವತ್ತು ಜನ ಸೀಸೆ ಹಿಡಿದು ನಿಂತರು. ಅವತ್ತು ಗೌಡನ ಮಗ್ಗುಲಲ್ಲಿ ಇನ್ನೊಂದು ಕುರ್ಚಿ ಇತ್ತು. ಅವನ ಮಗಳನ್ನು ಸೊಸೆಯಾಗಿ ತಂದುಕೊಳ್ಳಬೇಕೆಂದಿದ್ದ ಬಳಗಾನೂರಿನ ಬಸವಂತರಾಯ ಅದರಲ್ಲಿ ಕೂತಿದ್ದ.

“ಏನು ಜಡ್ಡಲೇ, ಮುದುಕ?” ಸೂಗಪ್ಪ ಕೂಗಿದ.

“ಗೌಡ್ರಿಗೆ ಬಂದೈತಲ್ರಿ, ಅದ ನಂಗೂ ಬಂದೈತ್ರಿ.”

“ಜೋರಾಗಿ ಒದರಲೇ,” ಎಂದುಬಿಟ್ಟ ಸೂಗಪ್ಪ, ರೂಢಿಯ ಮೇಲೆ. ಆಮೇಲೆ ನಾಲಿಗೆ ಕಚ್ಚಿಕೊಂಡ.

ಅಂಬಪ್ಪ ಹೇಳಿದ ಮಾತು ಕೇಳುವ ಮನುಷ್ಯ. ಎದೆ ತುಂಬ ಗಾಳಿ ಎಳೆದುಕೊಂಡು ಸಂತೆಯ ಆಚೆ ದಂಡೆಗೂ ಮುಟ್ಟುವಂತೆ ಒದರಿದ. “ಹೆಸರು ಗೊತ್ತಿಲ್ರಿ. ಪರದೇ ಹಿಂದ ಯಾವ್ದಕ್ಕ ಸೂಜಿ ಮಾಡ್ತೀರಲ್ರಿ, ಅದು. ನೀವ ಹೆಸರು ಒದರ್ರಿ, ನಾ ಹೌದಂತೀನಿ.”

ಅವನ ಹಿಂದಿನವನಿಗೂ ಅದೇ ಬಂದಿತ್ತು. ಅವನ ಹೆಂಡತಿಗೂ. ಕುಂಟ ಬಸ್ಸಪ್ಪನಿಗೆ ಎರಡು ತಿಂಗಳಿಂದ ಇತ್ತಂತೆ, ಗೌಡರಿಗೆ ಬಂದ ದಿನವೇ ಬಂದದ್ದಂತೆ. ಸಂತೆಯಲ್ಲಿ ವ್ಯಾಪಾರ ನಿಂತುಹೋಯಿತು. ಬಸವಂತರಾಯ ತನ್ನ ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿಕೊಂಡ.

“ಸುಳ್ಳು ಹೇಳಾಕತ್ತಾರ ಸೂಳಿಮಕ್ಕಳು,” ಗೌಡ ಎದ್ದು ನಿಂತ. “ನನ್ನ ಜಡ್ಡು ಇವರಿಗೆ ಹೆಂಗ ಬರ್ತೈತಿ?”

ಬಸವಂತರಾಯ ಮರ್ಯಾದೆಯಿಂದಲೇ ಕೇಳಿದ. “ಅಂದ್ರ ಜಡ್ಡು ಐತಿ ಅಂದಂಗಾತು. ಯಾವುದ್ರೀ ಗೌಡ್ರ?”

ಗೌಡನ ಬಾಯಿಂದ ಎಲೆಅಡಿಕೆಯ ರಸ ಇಳಿದು ಅಂಗಿಯ ಮೇಲೆ ಬಿತ್ತು. ಸೂಗಪ್ಪ ವಹಿ ಮುಚ್ಚಿ, “ಇವತ್ತು ದವಾಖಾನಿ ಬಂದ್,” ಎಂದ.

ಪಕೀರಮ್ಮನ ಪಾಳಿ ಇನ್ನೂ ಬಂದಿರಲಿಲ್ಲ. ಇವತ್ತೂ ಔಷಧಿ ಇಲ್ಲದೆ ಹೋದರೆ ನಾಳೆ ಏಳಲಾರೆನೆಂದು ಅವಳಿಗೆ ಗೊತ್ತಿತ್ತು. ಸೊಂಟಕ್ಕೆ ಕೈ ಕೊಟ್ಟುಕೊಂಡು ಮರ ದಾಟಿದಳು. ಸಂತೆಯೊಳಗೆ ನಡೆದಳು. ಮೈಲಿಗೆಯಾದೀತೆಂದು ಜನ ತಾವಾಗಿಯೇ ಎರಡೂ ಕಡೆ ಸರಿದು ದಾರಿ ಬಿಟ್ಟರು. ಅಷ್ಟು ಅಗಲದ ದಾರಿ ಆ ಸಂತೆಯಲ್ಲಿ ಗೌಡನಿಗೂ ಸಿಕ್ಕಿರಲಿಲ್ಲ. ಕಟ್ಟೆ ಹತ್ತಿದಳು. ಗೌಡನ ಮುಂದೆಯೇ ಹಾದು ಒಳಗೆ ಹೋಗಿ, ಅವನು ಸೂಜಿಗೆ ಕೂಡುವ ಸ್ಟೂಲಿನ ಮೇಲೆ ಕೂತು ಪರದೆ ಎಳೆದುಕೊಂಡಳು.

“ಹೊರಗ ಎಳೀರಲೇ ಅವಳ್ನ,” ಗೌಡ ಅರಚಿದ.

ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಳೆಯಬೇಕೆಂದರೆ ಮುಟ್ಟಬೇಕು. ಒಬ್ಬ ಉದ್ದನೆಯ ಬಡಿಗೆ ತರುತ್ತೇನೆಂದು ಗೌಡನ ಮನೆಯ ಕಡೆ ಓಡಿದ. ಮರದಡಿಯ ಮೂವತ್ತೊಂಬತ್ತು ಜನ ಅವನು ಓಡಿದ್ದು ನೋಡಿ, ಒಬ್ಬೊಬ್ಬರಾಗಿ ಮರ ದಾಟತೊಡಗಿದರು.

“ಕಂಪೌಂಡ್ರ, ಒಳಗ ಬರ್ರಿ,” ಪರದೆಯ ಹಿಂದಿನಿಂದ ಪಕೀರಮ್ಮ ಕರೆದಳು. “ಜಡ್ಡು ಹೇಳಬೇಕು.”

ಸೂಗಪ್ಪ ಗೌಡನನ್ನು ನೋಡಿದ. ಗೌಡ ಬೀಗನನ್ನು ನೋಡುತ್ತಿದ್ದ. ಸೂಗಪ್ಪ ವಹಿ ಎತ್ತಿಕೊಂಡು ಒಳಗೆ ಹೋದ. ಇಡೀ ಸಂತೆ ಕಿವಿಯಾಗಿ ನಿಂತಿತು. ಪಕೀರಮ್ಮ ತನ್ನ ಜಡ್ಡು ಹೇಳಿದಳು, ಹೊರಗೆ ಒಬ್ಬರಿಗೂ ಕೇಳಿಸಲಿಲ್ಲ.