ಒಂದೂಕಾಲು ವೋಲ್ಟಿಗೆ ಹೆದರುವ ಸೊಸೆ

ಮಾವನವರು ಮೂವತ್ತೆರಡು ವರ್ಷ ಕರೆಂಟು ಕಂಬ ಹತ್ತಿದವರು. ನಿವೃತ್ತಿಯ ದಿನ ಉಳಿದವರು ಗಡಿಯಾರ ತೆಗೆದುಕೊಂಡರೆ ಇವರು ಕಂಬದ ಹಳೆಯ ಕೆಂಪು ತಗಡನ್ನು ಕೇಳಿ ಪಡೆದಿದ್ದರು: ‘ಅಪಾಯ, 11,000 ವೋಲ್ಟ್’, ಕೆಳಗೊಂದು ತಲೆಬುರುಡೆ. ಅದು ಅವರ ಮಂಚದ ಮೇಲೆ ನೇತಾಡುತ್ತಿತ್ತು. ಮನೆಗೆ ಬಂದವರು ಅದರ ಕಥೆ ಕೇಳಲೇಬೇಕು. ಎರಡನೇ ಸಲ ಬಂದವರಿಗೂ ವಿನಾಯಿತಿ ಇರಲಿಲ್ಲ.

ಇಂಥವರ ಮನೆಯಲ್ಲಿ ಸೊಸೆ ಒಂದೂಕಾಲು ವೋಲ್ಟಿಗೆ ಹೆದರುತ್ತಿದ್ದಳು. ಕಟ್ಟಡ ಏಳುವ ಮೊದಲೇ ಅದನ್ನು ವಿಡಿಯೊದಲ್ಲಿ ಎಬ್ಬಿಸಿ ತೋರಿಸುವುದು ಅವಳ ಕೆಲಸ. ಶಾಲೆಯೊಂದರ ವಿನ್ಯಾಸ ಸ್ಪರ್ಧೆಗೆ ಆರು ತಿಂಗಳು ದುಡಿದಿದ್ದಳು. ಇವತ್ತು ಸಂಜೆ ಐದರೊಳಗೆ ವಿಡಿಯೊ ಕಳಿಸದಿದ್ದರೆ ಅಷ್ಟೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಹಾಗಾಗಿ ಕಂಪ್ಯೂಟರಿನ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಿ, ಅಂದರೆ ತಯಾರಿಸಿದವರು ಹೇಳಿದ್ದಕ್ಕಿಂತ ಜೋರಾಗಿ ಓಡಿಸಿ, ವಿಡಿಯೊಗೆ ಬೇಕಾದ ಚಿತ್ರಗಳನ್ನು ಒಂದೊಂದಾಗಿ ಅದರಿಂದ ತೆಗೆಸುತ್ತಿದ್ದಳು. ಅಷ್ಟರಲ್ಲಿ ದವಡೆ ಹಲ್ಲು ಕೈಕೊಟ್ಟಿತು. ದಂತವೈದ್ಯೆಯ ಬಳಿ ಹೊರಟವಳು ಮಾವನನ್ನು ಕಾವಲಿಗೆ ಕೂರಿಸಿದಳು.

“ನಿಂತುಹೋದ್ರೆ ಫೋನ್ ಮಾಡಿ ಮಾವ. ನೀವಾಗೇ ಏನೂ ಮುಟ್ಟಬೇಡಿ.”

“ಹನ್ನೊಂದು ಸಾವಿರ ವೋಲ್ಟ್ ಮುಟ್ಟಿದ ಕೈ ಕಣಮ್ಮ ಇದು.”

“ಮುಟ್ಟಿಲ್ಲ ಅಂತಲೇ ಅಲ್ವಾ ನೀವಿಲ್ಲಿ ಕೂತಿರೋದು?”

ಹನ್ನೆರಡಕ್ಕೆ ಪರದೆ ಕಲ್ಲಿನಂತೆ ನಿಂತಿತು. ಮಾವ ಫೋನ್ ಮಾಡಿದರು. ಸೊಸೆಯ ಅರ್ಧ ಬಾಯಿ ಆಗಲೇ ಮರಗಟ್ಟಿತ್ತು.

“ಆಫ್ ಮಾಡಿ, ಆನ್ ಮಾಡಿ. ಬೆಳಿಗ್ಗೆ ತೋರಿಸಿದ್ನಲ್ಲ, ಆ ಸೆಟ್ಟಿಂಗ್‌ಗೆ ಹೋಗಿ. ಆ ಓಟಕ್ಕೆ ವೋಲ್ಟೇಜು ಸಾಲ್ತಿಲ್ಲ. ಒಂದು ಪಾಯಿಂಟ್ ಎರಡು ಐದು ಇದೆ, ಒಂದು ಪಾಯಿಂಟ್ ಎರಡು ಆರು ಮಾಡಿ. ಒಂದು ಪಾಯಿಂಟ್ ಮೂರು ದಾಟಿದ್ರೆ ಈ ಚಿಪ್ ತಡ್ಕೊಳಲ್ಲ.”

ಮಾವನಿಗೆ ನಗು ತಡೆಯಲಾಗಲಿಲ್ಲ. ವೋಲ್ಟಿನ ನೂರನೇ ಒಂದು ಪಾಲು! ಅವರ ಕಾಲದಲ್ಲಿ ಮನೆಯ ಲೈನು ಹತ್ತು ವೋಲ್ಟು ಏರಿಳಿದರೂ ಯಾರೂ ಹುಬ್ಬು ಏರಿಸುತ್ತಿರಲಿಲ್ಲ. ಟಾರ್ಚಿನ ಸೆಲ್ಲೇ ಒಂದೂವರೆ ವೋಲ್ಟು. ಪಾಪ, ಹುಡುಗಿ ಪುಕ್ಕಲಿ. ಕೊಡುವ ಕೈ ಧಾರಾಳವಾಗಿರಲಿ ಎಂದು 1.50 ಒತ್ತಿದರು. ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಬಂತು. ಕೆಂಪು ಅಕ್ಷರ ಅವರಿಗೇನು ಹೊಸದೇ? ಸರಿ ಎಂದು ಅದನ್ನೂ ಒತ್ತಿ, ಅವಳು ಬರೆದಿಟ್ಟಂತೆ ಕೆಲಸ ಶುರು ಮಾಡಿದರು.

ಫ್ಯಾನುಗಳು ಊಳಿಡತೊಡಗಿದವು. ಪರದೆಯ ಮೂಲೆಯಲ್ಲಿ ಶಾಖದ ಅಂಕಿ ಎಂಬತ್ತು, ತೊಂಬತ್ತೆರಡು, ತೊಂಬತ್ತೊಂಬತ್ತು ಆಯಿತು. ಶಾಕ್ ಹೊಡೆದರೆ ಕೈ ಅಂಟಿಕೊಳ್ಳದಿರಲೆಂದು ಮಾವ ಅಭ್ಯಾಸಬಲದಿಂದ ಅಂಗೈ ಬಿಟ್ಟು ಹಿಂಗೈಯನ್ನು ಪೆಟ್ಟಿಗೆಗೆ ತಾಗಿಸಿದರು. ತಲೆ ಮರೆತಿದ್ದನ್ನು ಕೈ ಮರೆತಿರಲಿಲ್ಲ. ಎರಡೇ ನೆಗೆತಕ್ಕೆ ಗೋಡೆಯ ಸ್ವಿಚ್ಚು ಆರಿಸಿದರು.

ಕೋಣೆ ಗಪ್‌ಚಿಪ್ಪಾಯಿತು. ಆ ಮಗುವಿನ ಆರು ತಿಂಗಳ ದುಡಿಮೆಯನ್ನು ತನ್ನ ಜಂಬ ಸುಟ್ಟಿತೆಂದು ಅವರಿಗೆ ನಿಜಕ್ಕೂ ಅಳು ಬಂತು. ಮತ್ತೆ ತಾನಾಗಿಯೇ ನಿಂತುಹೋಯಿತು ಎಂದುಬಿಡಬಹುದಿತ್ತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗುತ್ತಿರಲಿಲ್ಲ. ಆದರೆ ಮಾವ ಫೋನೆತ್ತಿದರು.

“ತಪ್ಪು ಮಾಡ್ದೆ ಕಣಮ್ಮ. ಒಂದೂವರೆ ಕೊಟ್ಟುಬಿಟ್ಟೆ.”

“ಎಷ್ಟು ಹೊತ್ತು?”

“ಮೂರು ನಿಮಿಷ.”

“ಬದುಕಿರಬಹುದು. ತಣ್ಣಗಾಗ್ಲಿ. ಈ ಸಲ ಒತ್ತೋ ಮುಂಚೆ ಓದಿ ಹೇಳಿ.”

ಮಾವ ಒಂದೊಂದು ಅಂಕಿಯನ್ನೂ ಮೇಷ್ಟ್ರ ಮುಂದೆ ಮಗ್ಗಿ ಒಪ್ಪಿಸುವಂತೆ ಓದಿ ಹೇಳಿ ಒತ್ತಿದರು. ಕಂಪ್ಯೂಟರು ಬದುಕಿತ್ತು. ತೆಗೆದ ಚಿತ್ರಗಳೂ ಹಾಗೇ ಇದ್ದವು. ಉಳಿದವು ಮೆಲ್ಲಗೆ ಬರತೊಡಗಿದವು.

ನಾಲ್ಕೂವರೆಗೆ ಸೊಸೆ ಹಲ್ಲು ಕೀಳಿಸಿಕೊಂಡು ಊದಿದ ಕೆನ್ನೆ ಹೊತ್ತು ಬಂದಳು. ಮಾವ ಎರಡೂ ಕೈ ಕಂಕುಳಲ್ಲಿ ಅಡಗಿಸಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಐದಕ್ಕೆ ಹತ್ತು ನಿಮಿಷವಿರುವಾಗ ವಿಡಿಯೊ ಮುಗಿಯಿತು, ಕಳಿಸಿದ್ದೂ ಆಯಿತು. ಉಸಿರು ಬಿಟ್ಟು ತಲೆಯೆತ್ತಿದಾಗಲೇ ಅವಳಿಗೆ ಪರದೆಯ ಮೇಲಿನ ಗೋಡೆ ಕಂಡಿದ್ದು.

ಮಂಚದ ಮೇಲಿನ ಕೆಂಪು ತಗಡು ಅಲ್ಲಿಗೆ ಬಂದಿತ್ತು. ಹನ್ನೊಂದು ಸಾವಿರವನ್ನು ಕೆರೆದು ‘1.30’ ಎಂದು ಬರೆಯಲಾಗಿತ್ತು. ತಲೆಬುರುಡೆಗೆ ಹೊಸದಾಗಿ ಒಂದು ಮೀಸೆ ಬಂದಿತ್ತು, ಥೇಟ್ ಮಾವನದೇ.

“ನಗಿಸಬೇಡಿ ಮಾವ,” ಎಂದು ಸೊಸೆ ಕೆನ್ನೆ ಒತ್ತಿ ಹಿಡಿದಳು. “ಹೊಲಿಗೆ ಕಿತ್ತುಹೋಗುತ್ತೆ.”