ಅದಿರಿನ ಬೊಟ್ಟು

ಜೈಲಿನಲ್ಲಿದ್ದ ಕಿರಿಮಗ ಬಿಡುಗಡೆಯಾಗಿ ಬಂದರಷ್ಟೇ ಮದಾರಬೀಗೆ ಸಾಕಾಗುತ್ತಿರಲಿಲ್ಲ. ಅವನು ನಿಂತ ಕಟಕಟೆಯಲ್ಲೇ ಎರ್ರಣ್ಣನೂ ನಿಲ್ಲಬೇಕಿತ್ತು. ನಮಾಜಿನಲ್ಲಿ ಆಕೆ ಬೇಡುತ್ತಿದ್ದದ್ದೂ ಅದನ್ನೇ, ನಾಚಿಕೆಯಿಲ್ಲದೆ.

ಎರ್ರಣ್ಣನೆಂದರೆ ಕುರುಗೋಡಿನ ಅದಿರು ಲಾರಿಗಳ ಧಣಿ. ಮೊನ್ನೆಮೊನ್ನೆಯವರೆಗೆ ಸೈಕಲ್ ತುಳಿಯುತ್ತಿದ್ದವನು. ಚೀನಾದವರು ನಮ್ಮ ಕೆಂಪು ಮಣ್ಣಿಗೆ ಬಾಯಿಬಿಟ್ಟದ್ದೇ ತಡ, ಅವನ ನಸೀಬು ತೆರೆಯಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಹಾಡಹಗಲೇ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿದ. ಅದಕ್ಕೆ ಲೈಸೆನ್ಸಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು, ಹೇಳುವ ಬಾಯಿ ಮಾತ್ರ ಒಂದೂ ಇರಲಿಲ್ಲ.

ಅವನ ಆಯುಧಪೂಜೆಗೆ ಕುಂಕುಮ ಸಾಲದು. ಮೊದಲ ಲೋಡಿನ ಅದಿರನ್ನು ಕುಟ್ಟಿ ಪುಡಿಮಾಡಿ ಬೆಳ್ಳಿ ಭರಣಿಯಲ್ಲಿಟ್ಟಿದ್ದ. ಅದನ್ನೇ ಹರಳೆಣ್ಣೆಯಲ್ಲಿ ಕಲಸಿ ಲಾರಿ, ತಕ್ಕಡಿ, ಸಲಿಕೆ ಎಲ್ಲಕ್ಕೂ ದಪ್ಪ ಬೊಟ್ಟಿಡುತ್ತಿದ್ದ. ಅವನ ಪಾಲಿಗೆ ಲಕ್ಷ್ಮಿಯೆಂದರೆ ಅದು. ಬೊಟ್ಟಿಟ್ಟ ವಸ್ತು ಕೈಗೆ ಬಂದರೆ ಕಣ್ಣಿಗೊತ್ತಿಕೊಳ್ಳದೆ ಕೆಳಗಿಡುತ್ತಿರಲಿಲ್ಲ.

ಮದಾರಬೀಯ ಹಿರಿಮಗ ಮುಸ್ತಾಕ್ ಅವನ ಲಾರಿ ಓಡಿಸುತ್ತಿದ್ದ. ಗಾಜಿನ ಮೇಲಿನ ಬೊಟ್ಟು ರಸ್ತೆ ಕಾಣಲು ಅಡ್ಡವಾಗುತ್ತದೆಂದು ಒಮ್ಮೆ ಒರೆಸಿದ. ಎರ್ರಣ್ಣ ಎಲ್ಲ ಆಳುಗಳೆದುರು, ಬುತ್ತಿ ತಂದಿದ್ದ ಹೆತ್ತ ತಾಯಿಯ ಎದುರು, ಅವನ ಕೆನ್ನೆಗೆ ಬಾರಿಸಿದ.

"ಒರಿಸಿದ್ರ ಲಕ್ಷ್ಮಿ ಹೋಗ್ತಾಳಲೇ," ಅಂದಿದ್ದ.

ಅದೇ ಲಾರಿಯ ಬ್ರೇಕು ಕೆಟ್ಟಿದೆಯೆಂದು ಮುಸ್ತಾಕ್ ಹೇಳಿಹೇಳಿ ಸೋತ. ಕೊನೆಗೆ ಲಾರಿ ಉರುಳಿತು, ಅವನು ಅದಿರಿನಡಿ ಸತ್ತ. ಮದಾರಬೀ ಎರ್ರಣ್ಣನ ಮೇಲೆ ಕೇಸು ಹಾಕಿದಳು. ಹಿಂದಕ್ಕೆ ತಗೋ ಎಂದು ಹೆದರಿಸಿದರು, ತಗೊಳ್ಳಲಿಲ್ಲ. ಆಮೇಲೊಂದು ದಿನ ಕಿರಿಮಗ ಆಸಿಂ ಸಿರುಗುಪ್ಪದ ಮಿಲ್ಲಿಗೆ ಭತ್ತ ಹಾಕಿ ಮನೆಗೆ ಬರುವುದನ್ನೇ ಕಾದು ಪೊಲೀಸರು ನುಗ್ಗಿದರು. ಜೋಳದ ಚೀಲದೊಳಗಿಂದ ಪಿಸ್ತೂಲು ತೆಗೆದು ಆಸಿಂನನ್ನು ಹಿಡಿದರು. ಪಂಚನಾಮೆಗೆ ಸಾಕ್ಷಿಯಾಗಿ ರುಜು ಹಾಕಿದವನು ಎರ್ರಣ್ಣನೇ. ಯಾರೋ ಒಬ್ಬ ಆಳನ್ನು ಕಳಿಸಿದ್ದರೆ ಆಗುತ್ತಿತ್ತು, ಆದರೆ ಮುದುಕಿಯ ಅಳುವನ್ನು ಕಣ್ಣಾರೆ ನೋಡುವ ಚಪಲ ಅವನಿಗೆ.

ಮದಾರಬೀ ಅಳಲಿಲ್ಲ. ಪಿಸ್ತೂಲಿನ ಹಿಡಿಯ ಮೇಲಿನ ಕೆಂಪು ಬೊಟ್ಟನ್ನು ನೋಡುತ್ತಿದ್ದಳು. ಮುಸ್ತಾಕನಿಗೆ ಬಿದ್ದ ಏಟು ಕಂಡಿದ್ದ ಆಳುಗಳು ಎರ್ರಣ್ಣನ ಪಿಸ್ತೂಲನ್ನು ತಂದು ಚೀಲದಲ್ಲಿ ಬಚ್ಚಿಟ್ಟಿದ್ದರೇ ಹೊರತು ಬೊಟ್ಟು ಒರೆಸುವ ಧೈರ್ಯ ಮಾಡಿರಲಿಲ್ಲ. ಆಗ ಬಾಯಿಬಿಟ್ಟರೆ ಅಲ್ಲೇ ಒರೆಸಿಬಿಡುತ್ತಾರೆಂದು ಆಕೆ ತುಟಿ ಹೊಲಿದುಕೊಂಡಳು. ಹೇಳಿದ್ದು ಒಬ್ಬರಿಗೇ, ಬಳ್ಳಾರಿ ಪಾರ್ವತಿನಗರದ ವಕೀಲೆ ಶೈಲಜಾಗೆ.

ಎರ್ರಣ್ಣನ ಸಾಕ್ಷಿಯ ದಿನ ಬೆಳಿಗ್ಗೆ ಕೋರ್ಟಿನ ಬೇವಿನ ಮರದಡಿ ಚಿದಾನಂದಪ್ಪ ಸಂಧಾನಕ್ಕೆ ಬಂದ. ಎರ್ರಣ್ಣನ ಮಾತನ್ನು ಅಲ್ಲಿಂದಿಲ್ಲಿಗೆ ಹೊರುವುದೇ ಅವನ ಕಸುಬು.

"ಸಾವುಕಾರ್ರು ನಾ ಏನೂ ನೋಡಿಲ್ಲ ಅಂತ ಹೇಳಿಬಿಡ್ತಾರ. ನಿನ್ನ ಮಗ ಹೊರಗ ಬರ್ತಾನ. ಸತ್ತವನ ಕೇಸು ನೀ ಬಿಟ್ಟುಬಿಡು."

ಶೈಲಜಾ ಮದಾರಬೀಯನ್ನು ಪಕ್ಕಕ್ಕೆ ಕರೆದಳು. "ಒಪ್ಪಿದ್ರ ಆಸಿಂ ಉಳೀತಾನಬೇ. ನನ್ನ ಲೆಕ್ಕ ತಪ್ಪಿದ್ರ ವರ್ಷಗಟ್ಲೆ ಜೈಲು. ಯೋಚನಿ ಮಾಡು."

ಮದಾರಬೀ ಮಗನ ಕಡೆ ತಿರುಗಿದಳು. ಇದ್ದವನೊಬ್ಬ, ಅವನೂ ಕೈತಪ್ಪಿದರೆ? ಪೊಲೀಸರ ನಡುವೆ ನಿಂತಿದ್ದ ಆಸಿಂ ತಾಯಿಯ ಮುಖ ನೋಡಿದ.

"ಅಣ್ಣನ್ನ ಮಾರಿ ನಾ ಮನಿಗೆ ಬರಂಗಿಲ್ಲಮ್ಮಾ," ಅಂದ.

ಆಕೆ ಸೆರಗು ಬಿಗಿದುಕೊಂಡು ಚಿದಾನಂದಪ್ಪನ ಕಡೆ ತಿರುಗಿದಳು. "ಒಳಗ ಬರಾಕ ಹೇಳ್ರಿ ನಿಮ್ಮ ಸಾವುಕಾರ್ಗೆ."

ಎರ್ರಣ್ಣ ಬಿಳಿ ಅಂಗಿ ಗರಿಗರಿಯಾಗಿ ತೊಟ್ಟು ಕಟಕಟೆ ಹತ್ತಿದ. ಚೀಲದಿಂದ ಪಿಸ್ತೂಲು ತೆಗೆದದ್ದನ್ನು ತಾನೇ ನೋಡಿದೆ, ಅದಕ್ಕೂ ಮುಂಚೆ ಅದನ್ನು ಕಂಡೇ ಇಲ್ಲ ಎಂದು ಪ್ರಮಾಣ ಮಾಡಿ ಹೇಳಿದ. ಸರ್ಕಾರಿ ವಕೀಲರು ಪಿಸ್ತೂಲನ್ನು ದೂರದಿಂದ ತೋರಿಸಿ ಕೂತರು. ಶೈಲಜಾ ಎದ್ದಳು.

"ಸಾಕ್ಷಿದಾರರ ಕೈಗೇ ಕೊಡಿ ಸ್ವಾಮಿ. ಸರಿಯಾಗಿ ನೋಡಿ ಗುರುತಿಸಲಿ."

ಜವಾನ ಬೊಟ್ಟಿನ ಮಗ್ಗುಲು ಮೇಲಾಗಿ ಪಿಸ್ತೂಲನ್ನು ಕೊಟ್ಟ. ಬೇಸಿಗೆಯ ಬೆವರಲ್ಲಿ ಎರ್ರಣ್ಣನ ಅಂಗೈ ತೊಯ್ದಿತ್ತು. ಹರಳೆಣ್ಣೆಯ ಬೊಟ್ಟು ಇನ್ನೂ ಒಣಗಿರಲಿಲ್ಲ. ಎರ್ರಣ್ಣನ ಹೆಬ್ಬೆರಳು ತಾನಾಗಿ ಬೊಟ್ಟನ್ನು ಸವರಿತು. ಬೆರಳು ಎಡಗಣ್ಣಿಗೆ ಹೋಯಿತು, ಬಲಗಣ್ಣಿಗೆ ಹೋಯಿತು. ಅಷ್ಟಾದ ಮೇಲೆ ಬುದ್ಧಿ ಬಂತು, ಕೈ ಗಾಳಿಯಲ್ಲೇ ನಿಂತಿತು.

"ಸಾಕ್ಷಿ ಪಿಸ್ತೂಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರೆಂದು ದಾಖಲಾಗಲಿ ಸ್ವಾಮಿ," ಎಂದಳು ಶೈಲಜಾ. ಆಮೇಲೆ ಎರ್ರಣ್ಣನನ್ನು ಕೇಳಿದಳು, "ಮುಂಚೆ ಕಾಣದ ಪಿಸ್ತೂಲನ್ನ ಯಾಕೆ ಕಣ್ಣಿಗೊತ್ತಿಕೊಂಡ್ರಿ? ಮೇಲಿರೋದು ಯಾವ ಬೊಟ್ಟು?"

ಎರ್ರಣ್ಣ ನೀರು ಕೇಳಿದ. ಕನ್ನಡಕ ಸರಿಮಾಡಿಕೊಂಡು ಎಲ್ಲವನ್ನೂ ನೋಡಿದ್ದ ಜಡ್ಜರು, ಶೈಲಜಾ ಕೇಳಿಕೊಂಡಂತೆ ಹಿಡಿಯ ಮೇಲಿನ ಪುಡಿಯನ್ನೂ ಅವನ ಮನೆಯ ಭರಣಿಯ ಪುಡಿಯನ್ನೂ ಪರೀಕ್ಷೆಗೆ ಕಳಿಸಲು ಆಜ್ಞೆ ಮಾಡಿದರು. ಆಸಿಂಗೆ ಅಲ್ಲೇ ಜಾಮೀನು ಕೊಟ್ಟರು.

ಮಗನ ತೋಳು ಹಿಡಿದು ಮದಾರಬೀ ಹೊರಗೆ ಬಂದಾಗ ಎರ್ರಣ್ಣ ಜಗುಲಿಯಲ್ಲಿದ್ದ. ಎರಡೂ ರೆಪ್ಪೆಗಳ ಮೇಲೆ ಕೆಂಪು ಜಿಡ್ಡು ಅಂಟಿತ್ತು, ಜನ ನಿಂತು ನೋಡುತ್ತಿದ್ದರು. ಅವನು ಕರವಸ್ತ್ರ ತೆಗೆದ. ಆಕೆ ತೀರಾ ಹತ್ತಿರ ಹೋಗಿ, ಮುಸ್ತಾಕ್ ಏಟು ತಿಂದ ದಿನದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಮೆಲ್ಲಗೆ ಹೇಳಿದಳು.

"ಒರಸ್ಕೋಬ್ಯಾಡ್ರಿ ಸಾವುಕಾರ್ರ. ಲಕ್ಷ್ಮಿ ಹೋಗ್ತಾಳ."

ಕರವಸ್ತ್ರ ಹಿಡಿದ ಕೈ ಕೆನ್ನೆಯ ಹತ್ತಿರ ಬಂದು ನಿಂತಿತು. ಅವನು ಒರೆಸಿಕೊಳ್ಳಲಿಲ್ಲ.