ಯಂತ್ರ ಒಪ್ಪದ ಮದರಂಗಿ

ಬರೀಕಿಸು ಬಲಗೈ ಹೆಬ್ಬೆರಳನ್ನು ಯಂತ್ರದ ಗಾಜಿನ ಮೇಲಿಟ್ಟಳು. ಕೆಂಪು ದೀಪ ಹತ್ತಿತು. ತೋರುಬೆರಳು ಇಟ್ಟಳು. ಮತ್ತೆ ಕೆಂಪು.

"ಸೆರಗಿಗೆ ಒರೆಸ್ಕೊಂಡು ಇಡಮ್ಮಾ," ಎಂದರು ಮತಗಟ್ಟೆಯ ಅಧಿಕಾರಿ ಅಟ್ಟಾ ಮೇಷ್ಟ್ರು.

ಸಾಲಿನಲ್ಲಿ ಹಿಂದೆ ನಿಂತಿದ್ದ ತಾಯಿ ಲರೀಬಾ ಕತ್ತು ಚಾಚಿ ನೋಡಿದಳು. ಮಗಳ ಹತ್ತು ಬೆರಳ ತುದಿಗಳೂ ಕಾಡಿಗೆಯಂತೆ ಕಪ್ಪಗೆ ಹೊಳೆಯುತ್ತಿದ್ದವು. ನಿನ್ನೆ ತಾನೇ ಹಚ್ಚಿದ ಮದರಂಗಿ. ತಮಾಲೆ ಪಟ್ಟಣದ ಜೊಂಗೊ ಎಂಬ ಈ ಮುಸ್ಲಿಮರ ಕೇರಿಯಲ್ಲಿ ಯಾರ ಮದುವೆಯಾದರೂ ಮದರಂಗಿಗೆ ಲರೀಬಾಳೇ ಬರಬೇಕು; ಈ ಭಾನುವಾರ ಅವಳ ಮಗಳದೇ ಮದುವೆ. ಕಪ್ಪಾಗಲೆಂದು ಬೂದಿ, ನವಸಾಗರ ಬೆರೆಸಿ, ಬಟ್ಟೆ ಕಟ್ಟಿ, ಬಣ್ಣ ಚರ್ಮದೊಳಕ್ಕೆ ಇಳಿಯುವವರೆಗೆ ಕಾದಿದ್ದಳು. ವಾಡಿಕೆಯಂತೆ ಗೆಳತಿಯರಿಗೂ ಬೀಗರ ಕಡೆಯ ಹೆಂಗಸರಿಗೂ ಹಚ್ಚಿದ್ದಳು. ಈಗ ಸಾಲಿನಲ್ಲಿ ಎಲ್ಲಿ ನೋಡಿದರೂ ಅವಳ ಕೈಕೆಲಸವೇ.

ಬೆರಳಚ್ಚು ಹೊಂದಿಸಿ ನೋಡುವ ಈ ಯಂತ್ರ ಬಂದದ್ದು ಇದೇ ಮೊದಲು. ಹಿಂದಿನ ಚುನಾವಣೆಯಲ್ಲಿ ಲರೀಬಾ ಬರುವಷ್ಟರಲ್ಲಿ ಅವಳ ಹೆಸರಿನಲ್ಲಿ ಯಾರೋ ಮತ ಹಾಕಿ ಹೋಗಿದ್ದರು. ಈ ಸಲ ಬರೀಕಿಸು ಮನೆಮನೆಗೂ ಹೋಗಿ ಹೇಳಿದ್ದಳು: "ಬೆರಳು ನಿಮ್ಮ ಕೈಯಲ್ಲೇ ಇರುತ್ತಲ್ಲಾ, ಇನ್ನು ಯಾರು ಕದೀತಾರೆ?" ಮತದಾರರ ಪಟ್ಟಿಗೆ ಬೆರಳಚ್ಚು ಕೊಟ್ಟಾಗ ಯಾರ ಕೈಯಲ್ಲೂ ಮದರಂಗಿ ಇರಲಿಲ್ಲ.

ಹತ್ತೂ ಬೆರಳು ಮುಗಿದವು.

"ಸಾರ್, ನನ್ನ ಗುರುತಿಲ್ವಾ ನಿಮಗೆ? ನಿಮ್ಮ ಕ್ಲಾಸಲ್ಲೇ ಕೂತವಳು ನಾನು."

"ನನಗಿದೆ ಮಗಳೇ. ಇದಕ್ಕಿಲ್ಲ. ಇದು ಒಪ್ಪದೆ ನಾನು ಚೀಟಿ ಕೊಡೋ ಹಾಗಿಲ್ಲ."

ಬೆಂಚಿನ ಮೇಲಿದ್ದ ಪಕ್ಷದ ಏಜೆಂಟ್ ಇದ್ದಿ ಕಿಸಕ್ಕನೆ ನಕ್ಕ. "ಊರಿಗೆಲ್ಲಾ ಪಾಠ ಹೇಳಿದ ಮೇಡಂಗೇ ಬಾಗಿಲು ಹಾಕ್ತಲ್ಲಪ್ಪಾ!"

"ಬಿಡೇ ಹುಡುಗಿ," ಎಂದರು ಸಾಲಿನಲ್ಲಿದ್ದ ವರನ ಸೋದರತ್ತೆ ಹಜಿಯಾ ಅಜಾರಾ. "ಮದುಮಗಳು ಹೀಗೆ ಬಿಸಿಲಲ್ಲಿ ನಿಲ್ಬಾರ್ದು. ಮುಂದಿನ ಸಲ ಹಾಕಿದ್ರಾಯ್ತು."

ಬರೀಕಿಸು ತಾಯಿಯ ತೋಳು ಹಿಡಿದು ಬೇವಿನ ಮರದಡಿಗೆ ಎಳೆದುಕೊಂಡು ಹೋದಳು.

"ಅಮ್ಮಾ, ಇದನ್ನ ತೆಗಿ. ಒಂದೇ ಬೆರಳು ಸಾಕು."

"ತಲೆ ನೆಟ್ಟಗಿದೆಯೇನೇ? ಭಾನುವಾರ ಅವರ ಮನೆಯವ್ರೆಲ್ಲಾ ಮೊದಲು ನೋಡೋದೇ ನಿನ್ನ ಕೈನ. ಬೋಳು ಬೆರಳು ಕಂಡ್ರೆ ಅಪಶಕುನ ಅಂತಾರೆ. ಜೀವಮಾನವೆಲ್ಲಾ ಆಡ್ಕೋತಾರೆ."

"ನಿನ್ನ ವೋಟು ಯಾರೋ ಹಾಕಿದ ದಿನ ನೀನು ಮನೆಗೆ ಬಂದು ಏನೂ ಆಗಿಲ್ಲ ಅನ್ನೋ ಹಾಗೆ ಕಾಳು ರುಬ್ಬೋಕೆ ಕೂತೆ. ನಾನು ನೋಡ್ತಿದ್ದೆ. ನನ್ನ ಕೈಲಿ ಅದಾಗಲ್ಲಮ್ಮಾ."

ಲರೀಬಾ ಗೇಟಿನ ಕಡೆ ನಡೆದಳು. ಅಲ್ಲಿ ಕೋಸೆ ವಡೆ ಕರಿಯುತ್ತಿದ್ದವಳಿಂದ ನಿಂಬೆಹಣ್ಣು, ಒಂದು ಹಿಡಿ ಬೂದಿ ತಂದಳು. ಬೇಲಿ ಪಕ್ಕದಿಂದ ಒರಟು ಕಲ್ಲೊಂದನ್ನು ಆರಿಸಿಕೊಂಡಳು. ಮಗಳ ಎಡಗೈಯ ಕಿರುಬೆರಳು ಹಿಡಿದಳು. ಮುಸುಕಿನ ಅಂಚಿನಲ್ಲಿ ಅಡಗಿಸಬಹುದಾದದ್ದು ಅದೊಂದೇ. ತಾನು ಹಚ್ಚಿದ ಕಪ್ಪು ಬರಿದೆ ಉಜ್ಜಿದರೆ ಹೋಗುವಂಥದ್ದಲ್ಲ, ಚರ್ಮದ ಸಮೇತವೇ ಹೋಗಬೇಕು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಉರೀತಿದೆಯಾ?"

"ಇಲ್ಲ," ಎಂದಳು ಬರೀಕಿಸು, ಕಣ್ಣಲ್ಲಿ ನೀರು ತುಂಬಿಕೊಂಡು. ಎಳೆಗೂಸಾಗಿದ್ದಾಗ ಉಗುರು ಕತ್ತರಿಸುವಾಗಲೂ ಇವಳು ಹೀಗೆಯೇ ತುಟಿ ಕಚ್ಚುತ್ತಿದ್ದಳು. ಲರೀಬಾ ಊದಿ ಊದಿ ಉಜ್ಜಿದಳು. ಬೆರಳು ಹಸಿ ಮಾಂಸದ ಬಣ್ಣಕ್ಕೆ ತಿರುಗಿತು.

ಸಾಲಿನವರು ದಾರಿ ಬಿಟ್ಟರು. ಯಂತ್ರ ಕೆಂಪಾಯಿತು. ಮತ್ತೆ ಕೆಂಪಾಯಿತು. ಅಟ್ಟಾ ಮೇಷ್ಟ್ರು ಕರವಸ್ತ್ರ ತೆಗೆದು ಗಾಜು ಒರೆಸಿದರು. "ಅವಸರ ಮಾಡ್ಬೇಡ. ಸುಮ್ನೆ ಇಡು, ಒತ್ತಬೇಡ."

ಹಸಿರು.

ಯಾರೋ ಚಪ್ಪಾಳೆ ತಟ್ಟಿದರು. ಮತ ಹಾಕಿ ಬಂದ ಬರೀಕಿಸುವಿನ ಅದೇ ಬೆರಳಿಗೆ ಶಾಯಿಯವನು ಗುರುತು ಹಾಕಿದಾಗ ಅವಳು ಚೀರಿ, ನಕ್ಕು, ಮತ್ತೆ ಚೀರಿದಳು. ಲರೀಬಾಳಿಗೆ ನಗು ಬರಲಿಲ್ಲ. ಹಜಿಯಾ ಅಜಾರಾ ಆ ಬೆರಳನ್ನೇ ದಿಟ್ಟಿಸುತ್ತಿದ್ದರು.

"ಮದುವೆ ಕೈನ ಸುಲಿದು ಹಾಕಿದ್ಯಲ್ಲೇ ಲರೀಬಾ," ಎಂದರು ಮೆಲ್ಲಗೆ. "ನನ್ನ ಕೈ ಹತ್ರ ಆ ಕಲ್ಲು ತರಬೇಡ." ತಮ್ಮ ಕಪ್ಪು ಬೆರಳುಗಳನ್ನು ಮುಸುಕಿನೊಳಗೆ ಎಳೆದುಕೊಂಡು ಸಾಲು ಬಿಟ್ಟು ಹೊರಟರು. ಅವರ ಹಿಂದೆ ಸೊಸೆ, ನಾದಿನಿ, ಅಕ್ಕಪಕ್ಕದವರು, ಬರೀಕಿಸುವಿನ ಗೆಳತಿಯರಲ್ಲೂ ಕೆಲವರು.

"ಹೋಗ್ಲಿ ಬಿಡಿ," ಎಂದ ಇದ್ದಿ, ಕಾಲು ಚಾಚುತ್ತಾ. "ಸಾಲು ಬೇಗ ಮುಗಿಯುತ್ತೆ."

ಲರೀಬಾಳ ಸರದಿ ಬಂದಿತ್ತು. ಮದರಂಗಿ ಹಚ್ಚುವಾಗ ಬಣ್ಣ ತಾಗದಂತೆ ಪ್ಲಾಸ್ಟಿಕ್ ಸುತ್ತಿಕೊಳ್ಳುವ ಅವಳ ಬೆರಳನ್ನು ಯಂತ್ರ ಒಂದೇ ಸಲಕ್ಕೆ ಒಪ್ಪಿತು. ರಟ್ಟಿನ ಮರೆಯಲ್ಲಿ ಚೀಟಿ ಹಿಡಿದು ನಿಂತಾಗ ಕಣ್ಣೆದುರು ಬಂದದ್ದು ಅಭ್ಯರ್ಥಿಗಳ ಮುಖಗಳಲ್ಲ, ಮುಸುಕಿನೊಳಗೆ ಸರಿದ ಆ ಕೈಗಳು. ಒಂದೊಂದನ್ನೂ ಅವಳೇ ತೊಡೆಯ ಮೇಲಿಟ್ಟುಕೊಂಡು ಕಪ್ಪಾಗಿಸಿದ್ದಳು. ಬೇಗನೆ ಮತ ಹಾಕಿ ಹೊರಗೆ ಬಂದಳು.

ಸಾಲು ಬಿಟ್ಟು ಹೋದವರು ಇನ್ನೂ ಮಸೀದಿಯ ತಿರುವು ದಾಟಿರಲಿಲ್ಲ. ಮದುಮಗಳ ತಾಯಿ ಬೀಗರ ಹಿಂದೆ ಬೀದಿಯಲ್ಲಿ ಓಡುವುದೆಂದರೆ, ಕಂಡವರು ಏನೆಂದಾರು? ಸುಮ್ಮನಿದ್ದರೆ ಭಾನುವಾರದ ಮಾತು ಹೇಗಾದರೂ ಸರಿಹೋದೀತು.

ಲರೀಬಾ ಕಲ್ಲನ್ನೂ ಉಳಿದ ನಿಂಬೆಯನ್ನೂ ಎತ್ತಿಕೊಂಡು ಓಡಿದಳು.

"ಹಜಿಯಾ, ನಿಲ್ಲಿ! ಒಂದೇ ಬೆರಳು. ನಿಧಾನಕ್ಕೆ ಉಜ್ತೀನಿ, ಆಣೆಗೂ ನಿಧಾನಕ್ಕೆ!"

ಹಜಿಯಾ ತಿರುಗಿ ನೋಡಲಿಲ್ಲ. ಅವರ ಸೊಸೆ ಮಾತ್ರ ಒಂದು ಗಳಿಗೆ ನಡಿಗೆ ನಿಧಾನಿಸಿ, ಮುಸುಕಿನೊಳಗೆ ತನ್ನ ಕೈಯನ್ನು ನೋಡಿಕೊಂಡಳು.